ಯಜಮಾನ ಊರಲ್ಲಿ, ಅಡುಗೆ ಇಲ್ಲಿ

ಥಾಣೆ-ಬೇಲಾಪುರ ರಸ್ತೆಯಲ್ಲಿ ಓಡಾಡುವವರಿಗೆ ಐರೋಲಿ, ರಬಾಳೆ, ಮಹಾಪೆಯ ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳ ಪರಿಚಯವಿದೆ. ರಾಸಾಯನಿಕ ಕಾರ್ಖಾನೆಗಳ ವಾಸನೆಗೆ ಹೆಸರಾಗಿದ್ದ ಆ ಪ್ರದೇಶದಲ್ಲಿ ಈಗ ಡೇಟಾ ಸೆಂಟರ್‌ಗಳು ಎದ್ದಿವೆ. ಡೊಂಬಿವಲಿ, ಕಲ್ಯಾಣದಿಂದ ಥಾಣೆಗೆ ಬಂದು ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿಯುವ ನಮ್ಮ ಹುಡುಗ ಹುಡುಗಿಯರು, ಏನು ಕೆಲಸ ಎಂದು ಮನೆಯಲ್ಲಿ ಕೇಳಿದರೆ, ‘ಕ್ಲೌಡ್’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಒಂದು ಮಾತಿನೊಳಗೆ ಏನೇನಿದೆ ಎಂಬುದನ್ನು, ಇದೇ ಕೆಲಸದಲ್ಲಿರುವ ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನನ್ನದು ‘ಇಂಟಿಗ್ರೇಶನ್’ ವಿಭಾಗ. ಒಂದು ಹಣಕಾಸು ಸಂಸ್ಥೆಯಲ್ಲಿ ಸಾಲದ ಅರ್ಜಿಗೆ ಒಂದು ಸಾಫ್ಟ್‌ವೇರ್, ಲೆಕ್ಕಪತ್ರಕ್ಕೆ ಇನ್ನೊಂದು, ಬ್ಯಾಂಕಿನೊಡನೆ ವ್ಯವಹಾರಕ್ಕೆ ಮತ್ತೊಂದು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ನಡುವೆ ನಿಂತು ಮಾತು ದಾಟಿಸುವ ತಂತ್ರಾಂಶಕ್ಕೆ ರನ್‌ಟೈಮ್ ಎನ್ನುತ್ತೇವೆ. ಹಿಂದೆ ಇದು ಕಚೇರಿಯ ಸರ್ವರ್ ಕೋಣೆಯಲ್ಲೇ ಇರುತ್ತಿತ್ತು. ಆಮೇಲೆ ತಯಾರಕರೇ ತಮ್ಮ ಕ್ಲೌಡ್‌ನಲ್ಲಿ ಎಲ್ಲವನ್ನೂ ನಡೆಸಿಕೊಡತೊಡಗಿದರು. ಈಗಿನದು ಮೂರನೆಯ ದಾರಿ, ಹೈಬ್ರಿಡ್. ಮ್ಯೂಲ್‌ಸಾಫ್ಟ್‌ನ ‘ರನ್‌ಟೈಮ್ ಫ್ಯಾಬ್ರಿಕ್’, ಎಸ್‌ಎಪಿಯ ‘ಎಡ್ಜ್ ಇಂಟಿಗ್ರೇಶನ್ ಸೆಲ್’ ಈ ಜಾತಿಯವು.

ಮುಂಬಯಿಯ ಉಡುಪಿ ಹೋಟೆಲುಗಳನ್ನು ಬಲ್ಲ ನಮಗೆ ಇದು ಹೊಸದಲ್ಲ. ಯಜಮಾನರು ಊರಲ್ಲಿದ್ದು ಫೋನಿನಲ್ಲಿ ಹೇಳುತ್ತಾರೆ; ಬೇಯಿಸುವುದು, ಬಡಿಸುವುದು, ಗಲ್ಲಾದ ಹಣ ಎಲ್ಲ ಇಲ್ಲೇ. ಒಂದು ದಿನ ಫೋನು ಸಿಗದಿದ್ದರೆ ಇಡ್ಲಿ ನಿಲ್ಲುವುದಿಲ್ಲ, ಹೊಸ ತಿಂಡಿ ಮಾತ್ರ ಶುರುವಾಗುವುದಿಲ್ಲ. ಹೈಬ್ರಿಡ್‌ನಲ್ಲಿಯೂ ವಿನ್ಯಾಸ ಮತ್ತು ಉಸ್ತುವಾರಿಯ ಪರದೆ ತಯಾರಕರ ಕ್ಲೌಡ್‌ನಲ್ಲಿ. ನಿಜವಾದ ಡೇಟಾ ಹರಿಯುವ ರನ್‌ಟೈಮ್ ನಮ್ಮ ಕ್ಲಸ್ಟರ್‌ನಲ್ಲಿ. ಆ ಸಂಪರ್ಕ ಕಡಿದರೆ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂಬುದು ಉತ್ಪನ್ನದಿಂದ ಉತ್ಪನ್ನಕ್ಕೆ ಬೇರೆ. ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕಾದ ಮಾತು ಇದು.

ಇಷ್ಟು ಸುತ್ತುಬಳಸು ಯಾಕೆ? 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಪಾವತಿ ವ್ಯವಸ್ಥೆಯ ಪೂರ್ಣ ಡೇಟಾ ಭಾರತದಲ್ಲೇ ಸಂಗ್ರಹವಾಗಬೇಕು ಎಂದು ಹೇಳಿ, ಅದಕ್ಕೆ 6 ತಿಂಗಳ ಗಡುವು ಕೊಟ್ಟಿತು. ಅಲ್ಲಿಂದ ಮುಂದೆ ನಮ್ಮ ಸಭೆಗಳಲ್ಲಿ ಲೆಕ್ಕಪತ್ರದ ಹಿರಿಯರು ಕೇಳುವ ಮೊದಲ ಪ್ರಶ್ನೆ: “ನಮ್ಮ ಡೇಟಾ ಹೊರದೇಶಕ್ಕೆ ಹೋಗುತ್ತದೆಯೋ?” ರನ್‌ಟೈಮ್ ಮುಂಬಯಿಯಲ್ಲಿದೆ ಎಂದರೆ ಅವರಿಗೆ ಸಮಾಧಾನ. ಎಡಬ್ಲ್ಯುಎಸ್ 2016ರಲ್ಲೇ ಮುಂಬಯಿ ಪ್ರದೇಶವನ್ನು ತೆರೆದಿದೆ. ಅದರ ಇಕೆಎಸ್ ಎಂಬ ಕುಬರ್ನೆಟೀಸ್ ಸೇವೆಯ ಮೇಲೆ ಈ ರನ್‌ಟೈಮ್‌ಗಳನ್ನು ಹಾಕಬಹುದು.

ಆದರೆ ನನ್ನ ಮಟ್ಟಿಗೆ ಆ ಪ್ರಶ್ನೆಗೆ ಪೂರ್ತಿ ಉತ್ತರ ಅಷ್ಟರಲ್ಲಿ ಸಿಗುವುದಿಲ್ಲ. ಡೇಟಾ ಇಲ್ಲೇ ಉಳಿದರೂ ಉಸ್ತುವಾರಿಗೆಂದು ಮಾಹಿತಿ ಹೊರಗೆ ಹೋಗುತ್ತಲೇ ಇರುತ್ತದೆ. ಅದರಲ್ಲಿ ಲಾಗ್‌ಗಳೂ ಸೇರಿದ್ದರೆ? ದೋಷ ಹುಡುಕಲು ಅನುಕೂಲವೆಂದು ಯಾರೋ ಡೆವಲಪರ್ ಇಡೀ ಸಂದೇಶವನ್ನೇ ಲಾಗ್‌ಗೆ ಬರೆದುಬಿಟ್ಟರೆ, ಗ್ರಾಹಕನ ಖಾತೆ ಸಂಖ್ಯೆಯೂ ಅದರ ಜೊತೆ ಹೊರಟುಬಿಡುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಆದ್ದರಿಂದ ನಾವು ಲಾಗ್‌ಗಳನ್ನು ಮುಂಬಯಿಯಲ್ಲೇ ನಮ್ಮ ಸ್ವಂತ ಸಂಗ್ರಹಕ್ಕೆ ತಿರುಗಿಸುತ್ತೇವೆ, ಸೂಕ್ಷ್ಮ ಅಂಕಿಗಳನ್ನು ಬರೆಯುವ ಮುಂಚೆಯೇ ಮರೆಮಾಡುತ್ತೇವೆ. ತಂಡದಲ್ಲಿ ಇದಕ್ಕಾಗಿ ನಾನು ಮಾಡುವಷ್ಟು ಜಗಳ ಬೇರಾವುದಕ್ಕೂ ಮಾಡುವುದಿಲ್ಲ.

ರನ್‌ಟೈಮ್ ಹಾಕುವ ಕೆಲಸವೇನೋ ಕೆಲವು ಕಮಾಂಡ್‌ಗಳಲ್ಲಿ ಮುಗಿಯುತ್ತದೆ. ದಿನಗಳು ಹೋಗುವುದು ನೆಟ್‌ವರ್ಕ್‌ಗೆ. ಒಂದು ಸಂಸ್ಥೆಯಲ್ಲಿ ಕ್ಲಸ್ಟರ್‌ಗೆಂದು ಒಂದಷ್ಟು ಚಿಕ್ಕ ಸಬ್‌ನೆಟ್‌ಗಳನ್ನು ಕೊಟ್ಟಿದ್ದರು. 256 ವಿಳಾಸಗಳ ಒಂದು ಸಬ್‌ನೆಟ್‌ನಲ್ಲಿ 5ನ್ನು ಎಡಬ್ಲ್ಯುಎಸ್ ತನಗೆ ಇಟ್ಟುಕೊಳ್ಳುತ್ತದೆ, ಉಳಿಯುವುದು 251. ಇಕೆಎಸ್‌ನ ಮಾಮೂಲು ವ್ಯವಸ್ಥೆಯಲ್ಲಿ ಪ್ರತಿ ಪಾಡ್‌ಗೂ ಅದರಿಂದಲೇ ಒಂದು ಐಪಿ ವಿಳಾಸ ಬೇಕು, ಸಾಲದ್ದಕ್ಕೆ ಪ್ರತಿ ನೋಡ್ ಮುಂದಕ್ಕೆ ಬೇಕಾದೀತೆಂದು ಕೆಲವನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರಗಳಲ್ಲಿ ಮೆಮೊರಿ ಧಾರಾಳವಾಗಿದೆ, ಪಾಡ್ ಮಾತ್ರ ಏಳುತ್ತಿಲ್ಲ. ಕೊನೆಗೆ 100.64ರಿಂದ ಶುರುವಾಗುವ ಬೇರೆ ವಿಳಾಸಗಳ ಸಾಲನ್ನು ಪಾಡ್‌ಗಳಿಗೆಂದೇ ಸೇರಿಸಿದ ಮೇಲೆ ಸರಿಹೋಯಿತು. ಫೈರ್‌ವಾಲ್‌ನ ಕಥೆಯನ್ನು ಹೇಳಹೊರಟರೆ ಈ ಲೇಖನ ಸಾಲದು. ಹೊರಗಿನಿಂದ ಒಳಗೆ ಯಾವ ಬಾಗಿಲೂ ಬೇಡ, ಒಳಗಿನಿಂದ ತಯಾರಕರ ವಿಳಾಸಗಳಿಗೆ ಮಾತ್ರ ಹೋಗಲು ಬಿಟ್ಟರೆ ಸಾಕು ಎಂಬುದನ್ನು ಭದ್ರತಾ ವಿಭಾಗಕ್ಕೆ ನಂಬಿಸುವುದೇ ಒಂದು ಸಾಹಸ.

‘ಮ್ಯಾನೇಜ್ಡ್’ ಎಂಬ ಪದವೂ ಜನರನ್ನು ದಾರಿ ತಪ್ಪಿಸುತ್ತದೆ. ಇಕೆಎಸ್‌ನಲ್ಲಿ ಎಡಬ್ಲ್ಯುಎಸ್ ನೋಡಿಕೊಳ್ಳುವುದು ಮುಖ್ಯವಾಗಿ ಕ್ಲಸ್ಟರ್‌ನ ತಲೆಯನ್ನು. ರನ್‌ಟೈಮ್ ನಮ್ಮದು, ಅದಕ್ಕೆ ಬೇಕಾದ ಮೆಮೊರಿಯ ಅಂದಾಜು ನಮ್ಮದು, ರಾತ್ರಿ 2 ಗಂಟೆಗೆ ಬರುವ ಫೋನೂ ನಮ್ಮದೇ. ಕುಬರ್ನೆಟೀಸ್‌ನ ಹೊಸ ಆವೃತ್ತಿ ವರ್ಷಕ್ಕೆ 3 ಬಾರಿ ಬರುತ್ತದೆ. ಇಕೆಎಸ್‌ನಲ್ಲಿ ಒಂದು ಆವೃತ್ತಿಗೆ 14 ತಿಂಗಳ ಮಾಮೂಲು ಬೆಂಬಲ. ಆಮೇಲೆ ಮತ್ತೆ 12 ತಿಂಗಳು ಸಿಗುತ್ತದೆ, ಆದರೆ ಕ್ಲಸ್ಟರ್‌ನ ದರ ಗಂಟೆಗೆ 10 ಸೆಂಟ್‌ನಿಂದ 60 ಸೆಂಟ್‌ಗೆ ಏರುತ್ತದೆ. ಹೊಸ ಆವೃತ್ತಿಯನ್ನು ರನ್‌ಟೈಮ್‌ನ ತಯಾರಕರೂ ಒಪ್ಪಿರಬೇಕು. ಇಬ್ಬರ ಪಂಚಾಂಗಗಳನ್ನು ಹೊಂದಿಸಿ ಮುಹೂರ್ತ ಹುಡುಕುವ ಕೆಲಸ ಬರುವುದು ನಮ್ಮಂಥವರ ಪಾಲಿಗೆ.

2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬಯಿ, ಥಾಣೆ, ನವಿಮುಂಬಯಿಯಲ್ಲಿ ಕರೆಂಟ್ ಹೋಗಿ ಲೋಕಲ್ ರೈಲುಗಳು ನಿಂತದ್ದು ನೆನಪಿರಬಹುದು. ಅಂಥ ದಿನ ಡೇಟಾ ಸೆಂಟರ್‌ಗಳು ಜನರೇಟರ್ ನಂಬಿ ನಡೆಯುತ್ತವೆ. ಎಡಬ್ಲ್ಯುಎಸ್‌ನ ಮುಂಬಯಿ ಪ್ರದೇಶದಲ್ಲಿ 3 ಪ್ರತ್ಯೇಕ ವಲಯಗಳಿವೆ. ನಮ್ಮ ನೋಡ್‌ಗಳನ್ನು ಮೂರಕ್ಕೂ ಹಂಚಿಡುತ್ತೇವೆ, ಪ್ರತಿ ಸೇವೆಯ ಎರಡು ಪ್ರತಿಗಳಾದರೂ ಬೇರೆ ಬೇರೆ ವಲಯಗಳಲ್ಲಿರುವಂತೆ ನೋಡಿಕೊಳ್ಳುತ್ತೇವೆ. ಖರ್ಚು ಉಳಿಸಲು ಒಂದೇ ಪ್ರತಿ ಸಾಕು ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಆವೃತ್ತಿ ಬದಲಿಸಲು ಒಂದು ನೋಡನ್ನು ಖಾಲಿ ಮಾಡುವಾಗ ಆ ಒಂದೇ ಪ್ರತಿ ಹೋದರೆ, ನಡುವೆ ಬಂದ ಕಂತಿನ ಪಾವತಿಗಳು ಎಲ್ಲಿಗೆ ಹೋಗಬೇಕು?

ನಮ್ಮಲ್ಲಿ ಮುಂದಿನ ಆವೃತ್ತಿಯ ಸರದಿ ಈಗ ಹತ್ತಿರ ಬಂದಿದೆ. ತಿಂಗಳ ಮೊದಲ ವಾರದಲ್ಲಿ ಕಂತು ಕಡಿತವಾಗುವುದರಿಂದ ಆಗ ಮುಟ್ಟುವ ಹಾಗಿಲ್ಲ, ಕೊನೆಯ ವಾರ ಲೆಕ್ಕಪತ್ರದವರು ಬಿಡುವುದಿಲ್ಲ. ನಡುವಿನ ಎರಡು ಭಾನುವಾರಗಳಲ್ಲಿ ಒಂದರಂದು ರೈಲ್ವೆಯ ಮೆಗಾಬ್ಲಾಕ್ ಇಲ್ಲದಿದ್ದರೆ ಅಂದೇ ಮಾಡುವುದೆಂದು ಮಾತಾಗಿದೆ.