ಅತ್ತೆಯ ಪೆನ್ಶನ್ನೂ ದಿಲ್ಲಿಯ ಧರಣಿಯೂ

ನಮ್ಮದು ಜತ್ತ ತಾಲೂಕು. ಸರಕಾರ ಮಹಾರಾಷ್ಟ್ರದ್ದು, ಮನೆಮಾತು ಕನ್ನಡ, ಪೇಟೆ ವ್ಯವಹಾರ ಎರಡೂ ಭಾಷೆಯಲ್ಲಿ. ಇಲ್ಲಿನ ಹುಡುಗರು ಫೌಜು ಸೇರಬೇಕೆಂದರೆ ಮೊದಲು ಕಣ್ಣು ಹೋಗುವುದು ಬೆಳಗಾವಿಯ ಕಡೆಗೆ. ಮರಾಠಾ ಲಘು ಪದಾತಿ ದಳದ ಕೇಂದ್ರ 1922ರಿಂದ ಅಲ್ಲಿದೆ. ಹಾಗೆ ಸೇರಿದವನ ಕಾಗದಪತ್ರ ಬೆಳಗಾವಿಯ ರೆಕಾರ್ಡ್ ಆಫೀಸಿನಲ್ಲಿ, ಪೆನ್ಶನ್ ಮಂಜೂರಾಗುವುದು ಅಲಹಾಬಾದಿನಲ್ಲಿ, ಸೈನಿಕ ಕಲ್ಯಾಣ ಕಚೇರಿ ಸಾಂಗಲಿಯಲ್ಲಿ. ಒಬ್ಬ ಮನುಷ್ಯನ ಹೊಟ್ಟೆಪಾಡು ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು ಎಂದು ನಾಲ್ಕು ಭಾಷೆ ದಾಟಿ ಬರಬೇಕು.

ನನ್ನ ಸೋದರಮಾವ ಅಂದರೆ ಅತ್ತೆಯ ಗಂಡ 1962ರಲ್ಲಿ ಹಾಗೆ ಹೋದವರು. 1965 ಮತ್ತು 1971ರ ಎರಡೂ ಯುದ್ಧ ಕಂಡು, 1984ರಲ್ಲಿ ಹವಾಲ್ದಾರರಾಗಿ ಮನೆಗೆ ಬಂದರು. ಒಟ್ಟು 22 ವರ್ಷದ ಸೇವೆ. ನಮ್ಮ ಓಣಿಯ ಇನ್ನೊಬ್ಬರೂ ಹವಾಲ್ದಾರರೇ, ಅವರದೂ 22 ವರ್ಷವೇ. ಆದರೆ ನಿವೃತ್ತಿ 2007ರಲ್ಲಿ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ತಿಂಗಳ ಮೊದಲ ವಾರ ಪಾಸ್‌ಬುಕ್ ತೆರೆದರೆ ಮಾತ್ರ ಮಾವನ ಮುಖ ಸಣ್ಣದಾಗುತ್ತಿತ್ತು. ಹುದ್ದೆ ಒಂದೇ, ದುಡಿಮೆ ಒಂದೇ, ರೊಕ್ಕದಲ್ಲಿ ಮಾತ್ರ ಅಜಗಜಾಂತರ. ಕಾರಣ ನಿವೃತ್ತಿಯ ತಾರೀಖು. ಪ್ರತಿ ವೇತನ ಆಯೋಗ ಒಂದು ಗೆರೆ ಎಳೆಯುತ್ತದೆ: 1996ರ ಜನವರಿ 1, 2006ರ ಜನವರಿ 1, 2016ರ ಜನವರಿ 1. ಗೆರೆಯ ಆಚೆ ಉಳಿದವನಿಗೆ ಹಳೇ ಸಂಬಳದ ಲೆಕ್ಕ.

ನಾನು ಒಣದ್ರಾಕ್ಷಿ ವ್ಯಾಪಾರಿ. ಆಗ ಮಾವನಿಗೆ ಹೇಳಿದ್ದೆ: "ಹೋದ ವರ್ಷ ಮಾರಿದ ಮಾಲಿಗೆ ಈ ವರ್ಷದ ರೇಟು ಕೇಳಿದ್ರ ಹೆಂಗ್ರಿ? ಯಾವ ಅಡತಿಯವ ಕೊಡ್ತಾನ?" ಅವರು ಸಿಟ್ಟಾಗಲಿಲ್ಲ. "ನಾ ಮಾಲು ಮಾರಿಲ್ಲೋ, ವಯಸ್ಸು ಒತ್ತಿ ಇಟ್ಟೀನಿ" ಅಂದರು. ನನ್ನ ವಾದವೇ ಸರಕಾರದ ವಾದ, ಅವರ ಉತ್ತರವೇ ದಿಲ್ಲಿಯ ಚಳವಳಿಯ ಉತ್ತರ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ವಯಸ್ಸಿನ ಮಾತು ಸುಳ್ಳಲ್ಲ ನೋಡ್ರಿ. ಗುಮಾಸ್ತ 58-60ರವರೆಗೆ ದುಡಿಯುತ್ತಾನೆ. ದಳವನ್ನು ಹರೆಯದಲ್ಲಿ ಇಡಬೇಕೆಂದು ಸಿಪಾಯಿಯನ್ನು ಮಾತ್ರ 35-40ಕ್ಕೇ ಮನೆಗೆ ಕಳಿಸುತ್ತಾರೆ. ಮಕ್ಕಳು ಶಾಲೆಯಲ್ಲಿರುವಾಗ ಸಂಬಳ ಅರ್ಧಕ್ಕೆ ಇಳಿಯುತ್ತದೆ. ಮುಂದಿನ ಬಡ್ತಿ, ಮುಂದಿನ ಆಯೋಗ ಯಾವುದೂ ಕೈಗೆ ಸಿಗುವುದಿಲ್ಲ. 1973ರ ಮೊದಲು ಜವಾನನಿಗೆ ಕೊನೆಯ ಸಂಬಳದ ನೂರಕ್ಕೆ 70ರಷ್ಟು ಪೆನ್ಶನ್ ಇತ್ತು, ಮೂರನೆಯ ವೇತನ ಆಯೋಗದ ಹೊತ್ತಿಗೆ ಅದು 50ಕ್ಕೆ ಇಳಿಯಿತು ಎಂಬುದು ಮಾಜಿ ಸೈನಿಕರ ಹಳೆಯ ಗಾಯ. 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪೆನ್ಶನ್ ದಾನವಲ್ಲ, ಮಾಡಿದ ಸೇವೆಯ ಹಕ್ಕು ಎಂದಿತು. ಆ ಡಿ. ಎಸ್. ನಕಾರಾ ಸೈನಿಕರಲ್ಲ, ರಕ್ಷಣಾ ಖಾತೆಯ ಹಣಕಾಸು ವಿಭಾಗದಲ್ಲಿದ್ದ ಅಧಿಕಾರಿ. ಆದರೂ ಅವರ ಹೆಸರು ಹೇಳಿ ಕೈ ಮುಗಿಯುವ ಸುಬೇದಾರರನ್ನು ನಾನು ಕಂಡಿದ್ದೇನೆ.

ಸೇವೆಯಲ್ಲಿರುವ ಸೈನಿಕ ಸಂಘ ಕಟ್ಟುವಂತಿಲ್ಲ, ಧರಣಿ ಕೂಡುವಂತಿಲ್ಲ, ಕಾನೂನೇ ತಡೆಯುತ್ತದೆ. ಹಾಗಾಗಿ ಅವನ ಪರವಾಗಿ ಬಾಯಿ ತೆರೆಯಬೇಕಾದವರು ನಿವೃತ್ತರೇ. ಆರನೆಯ ವೇತನ ಆಯೋಗದ ವರದಿ ಬಂದ 2008ರಲ್ಲಿ ಹುಟ್ಟಿದ್ದು ಇಂಡಿಯನ್ ಎಕ್ಸ್ ಸರ್ವಿಸ್‌ಮೆನ್ ಮೂವ್‌ಮೆಂಟ್. ಬೇಡಿಕೆ ಒಂದೇ ಸಾಲಿನದು: ಒಂದೇ ಹುದ್ದೆ, ಅಷ್ಟೇ ವರ್ಷದ ಸೇವೆ ಇದ್ದರೆ ನಿವೃತ್ತಿ ಯಾವಾಗ ಆಗಿರಲಿ, ಪೆನ್ಶನ್ ಒಂದೇ, ಮುಂದೆ ಹೊಸಬರಿಗೆ ಏರಿದರೆ ಹಳಬರಿಗೂ ತಾನಾಗಿ ಏರಬೇಕು. 2009ರ ಫೆಬ್ರವರಿಯಲ್ಲಿ ಇದೇ ಜನ ತಮ್ಮ ಪದಕಗಳನ್ನು ರಾಷ್ಟ್ರಪತಿಗೆ ಮರಳಿಸಿದರು. ಪದಕವೆಂದರೆ ನಮ್ಮ ಕಡೆ ದೇವರ ಜಗಲಿಯಲ್ಲಿ ಇಡುವ ವಸ್ತು. ಮಾವನ ಪದಕ ಇಂದಿಗೂ ಗುಡ್ಡಾಪುರ ದಾನಮ್ಮನ ಫೋಟೋದ ಪಕ್ಕದಲ್ಲೇ ಇದೆ. ಟೀವಿಯಲ್ಲಿ ಆ ಸುದ್ದಿ ನೋಡಿ ಅವರು ಎರಡು ದಿನ ಮಾತಾಡಲಿಲ್ಲ. 2011ರಲ್ಲಿ ತೀರಿಕೊಂಡರು. ಅದೇ ವರ್ಷ ಡಿಸೆಂಬರಿನಲ್ಲಿ ಭಗತ್ ಸಿಂಗ್ ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ, ಬೇಡಿಕೆ ನ್ಯಾಯವಾದದ್ದು ಎಂದು ವರದಿ ಕೊಟ್ಟಿತು.

2014ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿ ಚಿದಂಬರಂ 500 ಕೋಟಿ ರೂಪಾಯಿ ಇಟ್ಟರು. ಆ ವರ್ಷದ ಚುನಾವಣೆಯಲ್ಲಿ ಭಾಜಪದ ಪ್ರಣಾಳಿಕೆಯಲ್ಲೂ ಈ ಮಾತು ಬಂತು. ಸರಕಾರ ಬದಲಾಯಿತು, ಆದೇಶ ಬರಲಿಲ್ಲ. 2015ರ ಜೂನ್ 15ರಿಂದ ದಿಲ್ಲಿಯ ಜಂತರ್ ಮಂತರಿನಲ್ಲಿ ಸರದಿ ಉಪವಾಸ ಆರಂಭವಾಯಿತು. ಮುಂದಾಳು ನಿವೃತ್ತ ಮೇಜರ್ ಜನರಲ್ ಸತ್ಬೀರ್ ಸಿಂಗ್. ಸ್ವಾತಂತ್ರ್ಯ ದಿನದ ಹಿಂದಿನ ದಿನ, ಆಗಸ್ಟ್ 14ರಂದು, ಪೊಲೀಸರು ಅವರನ್ನು ಎಬ್ಬಿಸಲು ಹೋದರು. ಎಪ್ಪತ್ತು, ಎಂಬತ್ತು ದಾಟಿದವರು, ಎದೆಯ ಮೇಲೆ ಪದಕ, ಅಂಗಿಗೆ ಪೊಲೀಸರ ಕೈ. ದೇಶ ಎದ್ದು ಕೂತು ನೋಡಿದ್ದು ಆವತ್ತು. ಅದೇ ತಿಂಗಳು ಇಬ್ಬರು ಆಮರಣ ಉಪವಾಸಕ್ಕೆ ಕೂತರು: ಕರ್ನಲ್ ಪುಷ್ಪೇಂದರ್ ಸಿಂಗ್ ಮತ್ತು ಹವಾಲ್ದಾರ್ ಮೇಜರ್ ಸಿಂಗ್. ಎರಡನೆಯವರ ಹುದ್ದೆ ಹವಾಲ್ದಾರ್, ಹೆಸರೇ ಮೇಜರ್! ಕರ್ನಲ್ಲೂ ಹವಾಲ್ದಾರನೂ ಒಂದೇ ಚಾಪೆಯಲ್ಲಿ ಹಸಿದು ಮಲಗಿದ್ದು ಆ ಚಳವಳಿಯ ಒಳ್ಳೆಯ ಗಳಿಗೆ ಎಂದು ನನಗೆ ಅನಿಸುತ್ತದೆ.

ಸೆಪ್ಟೆಂಬರ್ 5ರಂದು ರಕ್ಷಣಾ ಮಂತ್ರಿ ಮನೋಹರ ಪರ್ರಿಕರ್ ಘೋಷಣೆ ಮಾಡಿದರು; ನವೆಂಬರ್ 7ರಂದು ಆದೇಶ ಹೊರಟಿತು. 2014ರ ಜುಲೈ 1ರಿಂದ ಜಾರಿ. 2013ರಲ್ಲಿ ನಿವೃತ್ತರಾದವರ ಕನಿಷ್ಠ-ಗರಿಷ್ಠ ಪೆನ್ಶನ್ನಿನ ಸರಾಸರಿಯೇ ಆಧಾರ. ಬಾಕಿ ನಾಲ್ಕು ಕಂತಿನಲ್ಲಿ, ವಿಧವೆಯರಿಗೆ ಒಂದೇ ಕಂತಿನಲ್ಲಿ. ಸಮಾನತೆಯ ಲೆಕ್ಕ ಮಾತ್ರ ಐದು ವರ್ಷಕ್ಕೊಮ್ಮೆ. ಗುದ್ದಾಟ ನಿಂತದ್ದು ಇಲ್ಲೇ. "ತಾನಾಗಿ" ಎಂದರೆ ಐದು ವರ್ಷ ಕಾಯುವುದಲ್ಲ, ಸರಾಸರಿ ಎಂದರೆ ಸಮಾನ ಅಲ್ಲ ಎಂದು ಮೂವ್‌ಮೆಂಟಿನವರು 2016ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

2022ರ ಮಾರ್ಚ್ 16ರಂದು ತೀರ್ಪು ಬಂತು. ಅದು ಸರಕಾರದ ನೀತಿಯ ವಿಷಯ, ಐದು ವರ್ಷದ ಲೆಕ್ಕದಲ್ಲಿ ಸಂವಿಧಾನದ ದೋಷವಿಲ್ಲ ಎಂದಿತು ನ್ಯಾಯಮೂರ್ತಿ ಚಂದ್ರಚೂಡರ ಪೀಠ. ಅಂದರೆ ಸಂಘಟನೆ ಮುಖ್ಯ ವಾದದಲ್ಲಿ ಸೋತಿತು. ಆದರೆ 2019ರ ಜುಲೈ 1ಕ್ಕೇ ಆಗಬೇಕಿದ್ದ ಪರಿಷ್ಕರಣೆ ಮಾಡಿ, ಮೂರು ತಿಂಗಳಲ್ಲಿ ಬಾಕಿ ಕೊಡಿ ಎಂದೂ ಹೇಳಿತು. ಸರಕಾರ ವಾಯಿದೆ ಮೇಲೆ ವಾಯಿದೆ ಕೇಳಿತು. ನಮ್ಮ ಪೇಟೆಯಲ್ಲಿ ಸಾಲಗಾರ ಹೀಗೆ ಮಾಡಿದ್ದರೆ ಎರಡನೆಯ ವಾಯಿದೆಗೇ ಅಂಗಡಿ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. 2022ರ ಡಿಸೆಂಬರಿನಲ್ಲಿ ಸಂಪುಟ ಒಪ್ಪಿತು: 25.13 ಲಕ್ಷ ಜನರಿಗೆ, ಬಾಕಿಯೇ 23,638 ಕೋಟಿ. ಬಳಿಕವೂ ಎಳೆದಾಟ ನಡೆದು, 2023ರ ಮಾರ್ಚ್ 20ರಂದು ಕೋರ್ಟು ತಾರೀಖುಗಳನ್ನೇ ಬರೆದುಕೊಟ್ಟಿತು. ಕುಟುಂಬ ಪೆನ್ಶನ್ನಿನವರಿಗೂ ಶೌರ್ಯ ಪದಕದವರಿಗೂ ಏಪ್ರಿಲ್ 30ರೊಳಗೆ, 70 ದಾಟಿದವರಿಗೆ ಜೂನ್ 30ರೊಳಗೆ, ಉಳಿದವರಿಗೆ 2024ರ ಫೆಬ್ರವರಿಯೊಳಗೆ ಮೂರು ಕಂತು. 2024ರ ಜುಲೈ 1ರಿಂದ ಪೆನ್ಶನ್ ಮತ್ತೊಮ್ಮೆ ಪರಿಷ್ಕರಣೆಯಾಯಿತು.

ಚಳವಳಿಯನ್ನು ಬರೀ ಹೊಗಳಿದರೆ ತಪ್ಪಾದೀತು. ನಾಯಕರಲ್ಲಿ ಒಡಕು ಬಂತು, ಬಣಗಳಾದವು. ಅದಕ್ಕಿಂತ ದೊಡ್ಡದು ಜವಾನರ ದೂರು: ಮುಂದೆ ಕೂತವರು ಅಧಿಕಾರಿಗಳು, ಲಾಭವೂ ಅವರಿಗೇ ಹೆಚ್ಚು. ಏಳನೆಯ ವೇತನ ಆಯೋಗದಲ್ಲಿ ಮಿಲಿಟರಿ ಸೇವಾ ವೇತನವೆಂದು ಅಧಿಕಾರಿಗೆ 15,500, ಜವಾನನಿಗೆ 5,200. "ಗುಂಡಿಗೂ ಹುದ್ದೆ ನೋಡಿ ಬಡಿಯೂದು ಗೊತ್ತೈತೇನು?" ಎಂದು ನಮ್ಮೂರ ನಿವೃತ್ತ ನಾಯಕರೊಬ್ಬರು ಕೇಳುತ್ತಾರೆ. 2023ರಲ್ಲಿ ಜವಾನರೇ ಬೇರೆಯಾಗಿ ಜಂತರ್ ಮಂತರಿನಲ್ಲಿ ಕೂತರು. 2022ರ ಅಗ್ನಿಪಥ ಬಂದ ಮೇಲೆ ಹುಡುಗರ ಲೆಕ್ಕವೇ ಬೇರೆ: ನಾಲ್ಕು ವರ್ಷ, ನಾಲ್ವರಲ್ಲಿ ಒಬ್ಬನಿಗೆ ಮುಂದುವರಿಕೆ, ಉಳಿದ ಮೂವರಿಗೆ ಪೆನ್ಶನ್ನೇ ಇಲ್ಲ.

ಇನ್ನು ಅತ್ತೆಯ ಕತೆ. ಕೋರ್ಟು ಹೇಳಿದ ಏಪ್ರಿಲ್ 30 ದಾಟಿತು, ಅವಳ ಖಾತೆಗೆ ಏನೂ ಬರಲಿಲ್ಲ. ಬ್ಯಾಂಕಿನವರು ಸ್ಪರ್ಶ್ ಕೇಳಿ ಅಂದರು. ಸ್ಪರ್ಶ್ ಎಂದರೆ ಪೆನ್ಶನ್ ಕಂಪ್ಯೂಟರು ಎಂದು ಅವಳಿಗೆ ತಿಳಿಸುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು. ತೊಡಕು ಬಿಡಿಸಿಕೊಟ್ಟವರು ದಿಲ್ಲಿಯ ಧರಣಿಗೆ ಎರಡು ಸಲ ಹೋಗಿ ಬಂದಿದ್ದ ಒಬ್ಬ ನಿವೃತ್ತ ಸುಬೇದಾರರು. ಮಾವನ ದಾಖಲೆಯಲ್ಲಿ ಅತ್ತೆಯ ಹೆಸರಿನ ಕೊನೆಗೆ "ಅವ್ವ" ಇತ್ತು. ಆಧಾರ್ ಕಾರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ ಅದು "ಬಾಯಿ" ಆಗಿತ್ತು. ಗಡಿಯಲ್ಲಿ ಇದು ಹೊಸತಲ್ಲ, ಶಾಲೆಯ ದಾಖಲೆಯಿಂದ ಸಾತಬಾರಾ ಉತಾರದವರೆಗೆ ನಮ್ಮ ಅವ್ವಂದಿರೆಲ್ಲ ಬಾಯಿಯರೇ. ಯಂತ್ರಕ್ಕೆ ಮಾತ್ರ ಇಬ್ಬರೂ ಬೇರೆ ಹೆಂಗಸರು.

ಅಫಿಡವಿಟ್, ಸರಪಂಚರ ದಾಖಲೆ, ಬೆಳಗಾವಿಗೆ ಅರ್ಜಿ, ಸಾಂಗಲಿಗೆ ಮೂರು ಸಲ ಬಸ್ಸು. ಸುಬೇದಾರರು ಬಸ್ ಖರ್ಚು ಕೂಡ ಮುಟ್ಟಲಿಲ್ಲ. ದೀಪಾವಳಿಗೆ ಎಂಟು ದಿನ ಇರುವಾಗ ಮೊಬೈಲಿಗೆ ಸಂದೇಶ ಬಂತು. ಅತ್ತೆ ಅಂಗಡಿಗೆ ಬಂದು ಪಾಸ್‌ಬುಕ್ ಮುಂದಿಟ್ಟು, "ಎಷ್ಟೈತಿ ಓದು" ಅಂದಳು. ಓದಿದೆ. ಇನ್ನೊಮ್ಮೆ ಓದಿಸಿದಳು. ಆಮೇಲೆ, ನವೆಂಬರಿನಲ್ಲಿ ಕೊಡಬೇಕಾದ ಜೀವಂತ ಪ್ರಮಾಣಪತ್ರಕ್ಕೆ ಈ ಸಲ ಯಾವ ಹೆಸರು ಬರೆಸಬೇಕು ಎಂದು ಕೇಳಿದಳು.