ಸಮುದ್ರದ ಮೇಲೆ ಮಾತಿನ ಸರದಿ

ಸಿಂಗಪುರ ಜಲಸಂಧಿ. ಟ್ಯಾಂಕರು, ಕಂಟೇನರ್ ಹಡಗು, ಟಗ್ಗು... ಎಲ್ಲವೂ ‘ನಾನು ಇಲ್ಲಿದ್ದೇನೆ, ವೇಗ ಇಷ್ಟು, ದಿಕ್ಕು ಇದು’ ಎಂದು ರೇಡಿಯೋದಲ್ಲಿ ಸಾರುತ್ತಲೇ ಇರುತ್ತವೆ. ವೇಗದ ಹಡಗು 2 ಸೆಕೆಂಡಿಗೊಮ್ಮೆ, ಲಂಗರು ಹಾಕಿದ್ದು 3 ನಿಮಿಷಕ್ಕೊಮ್ಮೆ. ನಡುವೆ ಟವರಿಲ್ಲ, ಸರದಿ ಹೇಳುವವರೂ ಇಲ್ಲ.

ಈ ವ್ಯವಸ್ಥೆಯ ಹೆಸರು ಎಐಎಸ್. ಮುಖ್ಯವಾಗಿ ಬಳಸುವುದು ಎರಡು ವಿಎಚ್‌ಎಫ್ ಚಾನೆಲ್. ಒಂದೊಂದರಲ್ಲೂ ಪ್ರತಿ ನಿಮಿಷಕ್ಕೆ 2,250 ಸ್ಲಾಟ್. ಒಂದು ಸ್ಲಾಟೆಂದರೆ ಸುಮಾರು 27 ಮಿಲಿಸೆಕೆಂಡು. ಗಡಿಯಾರ ಎಲ್ಲರದೂ ಒಂದೇ, ಜಿಪಿಎಸ್‌ನಿಂದ ಸಿಗುವ ಸಮಯ.

ದೊಡ್ಡ ಹಡಗಿನ ಸೆಟ್ ಆನ್ ಆದೊಡನೆ ಮಾತಾಡುವುದಿಲ್ಲ. ಒಂದು ನಿಮಿಷ ಸುಮ್ಮನೆ ಕೇಳುತ್ತದೆ, ಯಾವ ಸ್ಲಾಟ್ ಯಾರದೆಂದು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಖಾಲಿ ಇರುವವುಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸುತ್ತದೆ. ಎಲ್ಲರೂ ಮೊದಲ ಖಾಲಿ ಜಾಗಕ್ಕೇ ನುಗ್ಗಿದರೆ ಕೆಟ್ಟಿತಲ್ಲ!

ನಿಜವಾದ ಜಾಣ್ಮೆ ಮುಂದಿದೆ. ಸಂದೇಶ ಕಳಿಸುವಾಗಲೇ ಹಡಗು ಮುಂದಿನ ಸರದಿಗೂ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಜಾಗ ಹಿಡಿದಿರುತ್ತದೆ. ಆದರೆ ಅದು ಕಾಯಂ ಅಲ್ಲ. 3ರಿಂದ 7 ನಿಮಿಷದೊಳಗೆ ಬೇರೆ ಸ್ಲಾಟಿಗೆ ಹೋಗಲೇಬೇಕು. ಹಾಗಾಗಿ ಅಕಸ್ಮಾತ್ ಇಬ್ಬರು ಒಂದೇ ಸ್ಲಾಟಿನಲ್ಲಿ ಸಿಕ್ಕಿಕೊಂಡರೂ ಆ ಜಗಳ ಬೇಗ ಮುಗಿಯುತ್ತದೆ.

ಜಾಗವೇ ತುಂಬಿಹೋದರೆ? ಅತಿ ದೂರದ ಹಡಗಿನ ಸ್ಲಾಟಿಗೇ ಕೈ ಹಾಕುತ್ತದೆ. ಎರಡು ಹಡಗುಗಳ ಸಂದೇಶವೂ ಒಟ್ಟಿಗೆ ಬಂದರೆ ರಿಸೀವರ್ ಸಾಮಾನ್ಯವಾಗಿ ಜೋರಾದದ್ದನ್ನು, ಅಂದರೆ ಹತ್ತಿರದ್ದನ್ನು ಹಿಡಿಯುತ್ತದೆ. ಕ್ಯಾಪ್ಟನ್‌ಗೆ ಬೇಕಾದದ್ದೂ ಅದೇ.

ಮೇಲಿನಿಂದ ಈ ಸಂದೇಶಗಳನ್ನು ಕೇಳುವ ಉಪಗ್ರಹಕ್ಕೆ ಮಾತ್ರ ಈ ಏರ್ಪಾಡು ತಲೆನೋವು. ಒಂದರ ಮಾತು ಇನ್ನೊಂದಕ್ಕೆ ಕೇಳದಷ್ಟು ದೂರದ ಹಡಗುಗಳು ಒಂದೇ ಸ್ಲಾಟ್ ಬಳಸುತ್ತವೆ. ಅಷ್ಟೆತ್ತರದಲ್ಲಿ ಎಲ್ಲವೂ ಒಟ್ಟಿಗೆ ಬಂದು ಕಲಸುಮೇಲೋಗರ.