ಸಿಂಪ್ಯೂಟರ್ ಮತ್ತು ತಿಕೋಟಾದ ಉತಾರ

ವಿಜಯಪುರ ಜಿಲ್ಲೆಯ ರೈತನಿಗೆ ಉತಾರ (ಪಹಣಿ) ಅಂದರೆ ಜೀವ. ಪೀಕಸಾಲಕ್ಕೂ ಅದೇ ಬೇಕು, ಅಣ್ಣತಮ್ಮಂದಿರ ವಾಟ್ನಿಗೂ ಅದೇ ಬೇಕು. ತಿಕೋಟಾ, ಬಬಲೇಶ್ವರ ಇನ್ನೂ ತಾಲ್ಲೂಕುಗಳಾಗದ ಕಾಲದಲ್ಲಿ ತಾಲ್ಲೂಕು ಕಚೇರಿಯ ಕೆಲಸಕ್ಕೆಲ್ಲ ವಿಜಯಪುರಕ್ಕೇ ಬರಬೇಕಿತ್ತು. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಬಂದ ಮೇಲೆ ಹದಿನೈದು ರೂಪಾಯಿಗೆ ಅಚ್ಚಾದ ಉತಾರ ಕೈಗೆ ಸಿಗತೊಡಗಿತು. ಆದರೆ ಹೊಲದಲ್ಲಿ ಜೋಳವಿದೆಯೋ ದ್ರಾಕ್ಷಿಯಿದೆಯೋ ಎಂದು ಬರೆದುಕೊಳ್ಳಲು ತಲಾಠಿ ಪುಸ್ತಕ ಹಿಡಿದೇ ಬದುವಿಗೆ ಇಳಿಯಬೇಕಿತ್ತು.

ಅಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದ ಯಂತ್ರ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರ ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ ಇದನ್ನು ರೂಪಿಸಿದರು. 2004ರ ಮಾರ್ಚ್‌ನಲ್ಲಿ ಪಿಕೋಪೀಟಾ ಕಂಪನಿ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಇದನ್ನು ‘ಅಮಿದಾ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಅದೇ ವರ್ಷ ಕರ್ನಾಟಕ ಸರ್ಕಾರ ಜಮೀನಿನ ದಾಖಲೆ ಕಲೆಹಾಕಲು ಸಿಂಪ್ಯೂಟರ್ ಬಳಸಿತು.

ಬಣ್ಣದ ಪರದೆಯ ಮಾದರಿಯಲ್ಲಿ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, 64 ಎಂಬಿ ರ್‍ಯಾಮ್, ಲಿನಕ್ಸ್, ಯುಎಸ್‌ಬಿ ಇದ್ದವು. ಪರದೆಯನ್ನು ಕಡ್ಡಿಯಿಂದ ಮುಟ್ಟಬೇಕು. ಚಲನೆ ಗುರುತಿಸುವ ಸೆನ್ಸರ್ ಇದ್ದುದರಿಂದ ಯಂತ್ರವನ್ನು ತುಸು ಅಲುಗಿಸಿದರೆ ಪುಟ ಮಗುಚುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು!

ಕಾಂಪ್ಯಾಕ್ ಕಂಪನಿಯ ಬಣ್ಣದ ಪರದೆಯ ಅಂಗೈ ಕಂಪ್ಯೂಟರ್ ಐಪ್ಯಾಕ್ 2000ದಲ್ಲೇ ಬಂದಿತ್ತು; ಅದರಲ್ಲೂ ಇದೇ ಪ್ರೊಸೆಸರ್. ಅದಕ್ಕೆ ಮೆಮೊರಿ ಸಾಲದೆ ಬಂದರೆ ಬೆನ್ನಿಗೆ ಬೇರೆ ಕವಚ ಕೊಂಡು ತೊಡಿಸಿ, ಅದರೊಳಗೆ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ ಕೂರಿಸಬೇಕು. ಒಬ್ಬನ ಯಂತ್ರಕ್ಕೆ ಒಬ್ಬನೇ ದುಡ್ಡು ಸುರಿಯುವ ದಾರಿ ಅದು. ಸಿಂಪ್ಯೂಟರಿನಲ್ಲಿ ಸ್ಮಾರ್ಟ್‌ಕಾರ್ಡ್ ಕಿಂಡಿ ಇತ್ತು. ಊರಿಗೊಂದು ಯಂತ್ರ ಸಾಕು, ಮನೆಗೊಂದು ಕಾರ್ಡ್ ಇರಲಿ. ಕಾರ್ಡ್ ತೂರಿಸಿದವನ ವಿವರ ಅವನಿಗೆ ತೆರೆದುಕೊಳ್ಳಲಿ ಎಂಬುದು ಲೆಕ್ಕಾಚಾರ. ಯಂತ್ರದ ವಿನ್ಯಾಸವನ್ನೂ ಮುಕ್ತ ಪರವಾನಗಿಯಲ್ಲಿ ಬಿಟ್ಟಿದ್ದರು. ಬಡವರ ಊರಿಗೆ ಒಪ್ಪುವ ಅಪ್‌ಗ್ರೇಡ್ ಹೀಗೆ ಒಂದೇ ಯಂತ್ರವನ್ನು ಹಂಚಿಕೊಳ್ಳುವುದೇ ಎಂದು ನನಗೆ ಈಗಲೂ ಅನಿಸುತ್ತದೆ.

ಬೆಲೆ ಮಾತ್ರ ಕೈ ಸುಟ್ಟಿತು. ಒಂಬತ್ತು ಸಾವಿರ ರೂಪಾಯಿಗೆ ಕೊಡಬೇಕೆಂದಿದ್ದರು. ಬಣ್ಣದ ಮಾದರಿ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಮೊದಲ ವರ್ಷಕ್ಕೆ 50 ಸಾವಿರ ಯಂತ್ರಗಳ ಗುರಿ ಇತ್ತು, ಮಾರಾಟವಾದದ್ದು ನಾಲ್ಕು ಸಾವಿರದ ಆಸುಪಾಸು. ಅಷ್ಟರಲ್ಲಿ ಮೊಬೈಲ್ ಅಗ್ಗವಾಗುತ್ತ ಹಳ್ಳಿಗೆ ಬಂದುಬಿಟ್ಟಿತು.

ಈಗ ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್‌ನಲ್ಲೇ ನಡೆಯುತ್ತದೆ. ಜಿಪಿಎಸ್ ಇದೆ, ಫೋಟೋ ಇದೆ. ತಿಕೋಟಾದ ದ್ರಾಕ್ಷಿ ತೋಟ, ಬಬಲೇಶ್ವರದ ಎರಿಹೊಲ ಎಲ್ಲವೂ ಅದರೊಳಗೆ ಸೇರುತ್ತವೆ. ಯಂತ್ರದ ಶಕ್ತಿ ಎಷ್ಟೋ ಪಟ್ಟು ಹೆಚ್ಚಿದೆ. ಆದರೆ ಸಿಂಪ್ಯೂಟರಿನಿಂದ ಈಗಲೂ ಕಲಿಯುವುದೊಂದಿದೆ: ಅದಕ್ಕಾಗಿ ಮಾಡಿದ ‘ಧ್ವನಿ’ ತಂತ್ರಾಂಶ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದುತ್ತಿತ್ತು. ಅಕ್ಷರ ಬಾರದವನನ್ನು ಎದುರಿಗಿಟ್ಟುಕೊಂಡು ಕಟ್ಟಿದ ಸೌಲಭ್ಯ ಅದು. ಉತಾರದ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಬ್ಯಾಂಕಿನ ಬೋಜಾ ಕೂತಿದೆ ಎಂಬುದನ್ನು ಇನ್ನೊಬ್ಬರ ಹತ್ತಿರ ಓದಿಸಿಕೊಳ್ಳುವ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸರ್ಕಾರದ ಆ್ಯಪ್‌ಗಳಿಗೆ ಹೊಸದೇನಾದರೂ ಸೇರಿಸುವುದಿದ್ದರೆ, ಅವರ ಉತಾರವನ್ನು ಕನ್ನಡದಲ್ಲಿ, ಒಂದೊಂದೇ ಕಾಲಂ, ಕೇಳಿದಷ್ಟು ಸಲ ಓದಿ ಹೇಳುವ ಗುಂಡಿಯನ್ನು ಮೊದಲು ಸೇರಿಸಲಿ.